ನೆಲ ಎಲ್ಲಿಗೆ ಹೋಗುತ್ತೆ

ಚಹಾ ಒಳಕ್ಕೆ ಹರಿಯಿತು.

ಸ್ಪಿರಿದೋನ್ ಅದನ್ನೇ ನೋಡುತ್ತ ಕೂತ. ನಾಲ್ಕನೆಯ ಗೂಟದ ಬಳಿ, ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ, ಮೂವತ್ತೊಂದು ಏಪ್ರಿಲ್‌ಗಳಿಂದ ಅವನು ಕೂರುತ್ತಿದ್ದ ಜಾಗದಲ್ಲೇ ಕೂತಿದ್ದ. ಫ್ಲಾಸ್ಕಿನ ಮುಚ್ಚಳ ಕೈಗವುಸಿನಿಂದ ಜಾರಿತ್ತು, ಅಷ್ಟೆ. ಚಹಾ ನೆಲದ ಮಂಜುಗಡ್ಡೆಯ ಪೊರೆಯ ಮೇಲೆ ಬಿದ್ದು ಹೊಗೆಯಾಡಿತು, ಎಲ್ಲಿಗೆ ಹೋಗಲಿ ಎಂದು ಒಂದು ಗಳಿಗೆ ಯೋಚಿಸಿದ ಹಾಗೆ ನಿಂತಿತು, ಆಮೇಲೆ ಸುರಂಗದ ಬಾಯಿಗೆ ಬೆನ್ನು ಹಾಕಿ ಒಳಗಿನ ಕೋಣೆಯ ಕಡೆಗೆ ಹೊರಟಿತು. ಒಂದು ಗೇಣು, ಎರಡು ಗೇಣು. ಮುಂದೆ ಸಣ್ಣಗಾಗಿ, ಹೆಪ್ಪುಗಟ್ಟಿ, ಕಂದು ನಾಲಿಗೆಯಂತೆ ಚಾಚಿಕೊಂಡು ನಿಂತುಬಿಟ್ಟಿತು. ಹಾಗಾಗಬಾರದಿತ್ತು. ಈ ಬುಲೂಸನ್ನು, ಅಂದರೆ ಊರಿನ ಅರವತ್ತು ಮನೆಗಳ ಮಾಂಸ, ಮೀನು, ಕುಡಿಯುವ ನೀರಿನ ಮಂಜುಗಡ್ಡೆ ಎಲ್ಲವನ್ನೂ ಬೇಸಿಗೆಯುದ್ದಕ್ಕೂ ಕಾಯುವ ಈ ಸುರಂಗವನ್ನು, ತೋಡುವಾಗ ಒಳತುದಿಯನ್ನು ಬೇಕೆಂದೇ ಒಂದಿಷ್ಟು ಎತ್ತರಿಸಿದ್ದರು. ಅಪ್ಪಿತಪ್ಪಿ ನೀರಾದರೆ ಹೊರಗೆ ಹರಿದುಹೋಗಲಿ ಎಂದು. ತೋಡಿದವರಲ್ಲಿ ಒಬ್ಬನಾದ ಅಣ್ಣ ಎಫ್ರೇಮ್, ಇದೇ ನೆಲದ ಮೇಲೆ ಒಂದು ಚೊಂಬು ಬಿಸಿನೀರು ಚೆಲ್ಲಿ ತೋರಿಸಿದ್ದ. ‘ನೋಡು, ಹೇಗೆ ಹೋಗುತ್ತೆ! ಮರ್ಯಾದಸ್ಥ ನೆಂಟನ ಹಾಗೆ. ಬಾಗಿಲು ಎಲ್ಲಿದೆ ಅಂತ ಹೇಳಿಕೊಡೋದೇ ಬೇಡ.’

ಸ್ಪಿರಿದೋನ್ ಇನ್ನೊಂದು ಮುಚ್ಚಳ ಚಹಾ ಬಗ್ಗಿಸಿ, ಈ ಸಲ ಬೇಕೆಂದೇ ಚೆಲ್ಲಿದ. ಅದೂ ಒಳಕ್ಕೇ ಹೋಯಿತು. ಮೂರನೆಯದನ್ನು ಕುಡಿದ. ರುಚಿ ತಿಳಿಯಲಿಲ್ಲ.

ಬೆಳಿಗ್ಗೆಯಿಂದ ಎಲ್ಲ ಸರಿಯಾಗಿಯೇ ಇತ್ತು. ಹೆಂಡತಿ ಉಲ್ಯಾನಾ ಒಲೆಯ ಬೆಂಕಿಗೆ, ಅದರ ಪಾಲೆಂದು, ಬೆಣ್ಣೆ ಸವರಿದ ಒಂದು ತುಂಡು ದೋಸೆ ಹಾಕಿ, ಉಳಿದದ್ದನ್ನು ಅವನ ತಟ್ಟೆಗೆ ಹಾಕಿ, ‘ಮೂವತ್ತೊಂದು ವರ್ಷದಿಂದ ಒಂದೇ ಮಾತು ಹೇಳಿ ಬರ್ತೀರಿ. ಅದಕ್ಕೆ ಅರ್ಧ ದಿನ ಬೇಕಾ? ಬೇಗ ಬನ್ನಿ, ನಮ್ಮ ಗಡ್ಡೆ ಬೆವರೋಕೆ ಮುಂಚೆ ಸಾಗಿಸಬೇಕು’ ಎಂದಿದ್ದಳು. ಅವಳು ಹೇಳಿದ್ದು ನಿಜ. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಕೆರೆಯಿಂದ ಕೊಯ್ದು ಚಳಿಗಾಲವೆಲ್ಲ ಮನೆಯ ಮುಂದೆ ಒಟ್ಟಿದ ಗಡ್ಡೆಗಳನ್ನು ಸುರಂಗಕ್ಕೆ ಸಾಗಿಸುವ ದಿನ, ಅವನು ಒಬ್ಬನೇ ಮೊದಲು ಒಳಗೆ ಹೋಗುತ್ತಾನೆ. ಸೂರಿನಲ್ಲಿ ಏಳು ಗೂಟ, ನೇರ ಅವುಗಳ ಕೆಳಗೆ ನೆಲದಲ್ಲಿ ಏಳು ಗೂಟ. ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಅಳತೆಕೋಲನ್ನು ಅವುಗಳ ನಡುವೆ ನಿಲ್ಲಿಸಿ ಅಳೆಯುತ್ತಾನೆ. ಹೊರಗೆ ಬಂದು ಟೋಪಿ ತೆಗೆದು ಹೇಳುತ್ತಾನೆ: ‘ಒಳಗೆ ತಣ್ಣಗಿದೆ.’ ಆಗ ಜನ ಹಿಮದ ಮೇಲೆ ಜಾರುವ, ಚಕ್ರವಿಲ್ಲದ ಬಂಡಿಗಳನ್ನು ಎಳೆಯುತ್ತಾರೆ. ಬೇರೆ ಮಾತು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಬೇರೆ ಮಾತು ಇರಲೂ ಇಲ್ಲ. ತಣ್ಣಗಿಲ್ಲದಿದ್ದರೆ ಏನು ಹೇಳಬೇಕು ಎಂದು ಈ ಊರಲ್ಲಿ ಯಾರೂ ಯೋಚಿಸಿ ಇಟ್ಟಿರಲಿಲ್ಲ. ಬುಲೂಸಿನ ಬಾಯಲ್ಲಿ ನಿಂತು ‘ಬೀಳು’, ‘ಕುಸಿ’ ಎನ್ನುವ ಶಬ್ದಗಳನ್ನು ಆಡಬಾರದು. ಮಕ್ಕಳು ಸಿಳ್ಳೆ ಹೊಡೆದರೂ ಬೆನ್ನ ಮೇಲೆ ಪೆಟ್ಟು ಬೀಳುತ್ತಿತ್ತು.

ಹೆಪ್ಪುಗಟ್ಟಿದ ಮಣ್ಣು ಕಲ್ಲಲ್ಲ ಎಂದು ಅವನು ನಗರದ ಕಾಲೇಜಿನಲ್ಲಿ ಎರಡು ವರ್ಷ ಓದಿ ತಿಳಿದುಕೊಂಡಿದ್ದ. ಅದು ಕಲ್ಲಿನ ವೇಷ ಹಾಕಿದ ಜೇನು. ತೋಡಿದ ದಿನದಿಂದ ಸೂರು ಕೆಳಗೆ ಬರುತ್ತಲೇ ಇರುತ್ತದೆ, ವರ್ಷಕ್ಕೆ ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್. ಬರುವುದು ತಪ್ಪಲ್ಲ. ಆತುರಪಡುವುದು ತಪ್ಪು. ಚಳಿಗಾಲದಲ್ಲಿ ಬಾಗಿಲು ತೆಗೆದಿಟ್ಟು ಅದಕ್ಕೆ ಚಳಿ ಉಣಿಸಬೇಕು, ಬೇಸಿಗೆಯಲ್ಲಿ ಮುಚ್ಚಿ ಮಲಗಿಸಬೇಕು, ವರ್ಷಕ್ಕೊಮ್ಮೆ ಅಳೆಯಬೇಕು. ಆತುರ ಕಂಡರೆ ಬಿಟ್ಟು ಹೊರಡಬೇಕು. ಅವನ ಏಳು ಅಂಕಿಗಳು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಆತುರಪಟ್ಟಿರಲಿಲ್ಲ. ಪಕ್ಕದೂರಿನ ಬುಲೂಸು ನೀರಾಗಿ, ಅಲ್ಲಿನವರು ಮಾಂಸವನ್ನು ನಾಯಿಗೆ ಹಾಕಿದ ವರ್ಷ, ಈ ಊರಿನವರು ಸ್ಪಿರಿದೋನನನ್ನು ಶಾಲೆಯ ಸಭಾಂಗಣಕ್ಕೆ ಕರೆಸಿ, ಎರಡು ಕಂಬಳಿ ಹೊದಿಸಿ, ಭಾಷಣ ಮಾಡಿಸಿದ್ದರು.

ಆ ಸಭೆಗೆ ಆರು ವರ್ಷವಾಯಿತು. ಕಂಬಳಿ ಒಳ್ಳೆಯದೇ. ಇವತ್ತಿಗೂ ಮಂಚದ ಮೇಲಿದೆ. ಭಾಷಣ ಮುಗಿದು ಜನ ಕುರ್ಚಿ ಸರಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಅತ್ತಿಗೆ ಅಕುಲೀನಾ ಎದ್ದು ನಿಂತಿದ್ದಳು. ಎಫ್ರೇಮ್ ತೀರಿಕೊಂಡು ಎರಡು ವರ್ಷವಾಗಿತ್ತು. ಕೈಯಲ್ಲಿ ಟೋಪಿ ಹಿಡಿದಿದ್ದಳು, ಗಂಡಸರ ಹಾಗೆ. ‘ಒಂದು ಮಾತು ಸ್ಪಿರಾ. ಒಳಗಿನ ಕೋಣೆಗೆ ಬಂಡಿ ಎಳೀಬೇಕಾದ್ರೆ ಮೊದಲೆಲ್ಲ ಸೊಂಟ ಬಿದ್ದುಹೋಗ್ತಿತ್ತು. ಈಗ ಹಗ್ಗ ಬಿಟ್ರೂ ಅದು ತಾನೇ ಹೋಗತ್ತೆ ಕಣೋ. ಯಾಕೆ ಅಂತ ನೋಡು.’ ಅವನು ನೋಡಬಹುದಿತ್ತು. ಆದರೆ ಹೆಗಲ ಮೇಲೆ ಎರಡು ಕಂಬಳಿ ಇದ್ದವು, ಮುಂದಿನ ಸಾಲಿನಲ್ಲಿ ಜಿಲ್ಲೆಯಿಂದ ಬಂದವರಿದ್ದರು. ‘ಎಲ್ಲರಿಗೂ ವಯಸ್ಸಾಗ್ತಾ ಬಲ ಹೋಗುತ್ತೆ, ನಮ್ಮ ಅತ್ತಿಗೆಗೆ ಮಾತ್ರ ಬರ್ತಿದೆ’ ಎಂದ. ಜನ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಗು ಚೆನ್ನಾಗಿ ಬಂದಿತ್ತು. ಇನ್ನೊಂದಿಷ್ಟು ಬರಲಿ ಎಂದು, ಪಾಠ ಹೇಳುವ ದನಿಯಲ್ಲಿ, ‘ನೋಡಿ ಅತ್ತಿಗೆ, ಸೂರು ಕೆಳಗೆ ಬರುತ್ತೆ, ಅದನ್ನ ನಾನು ಅಳೀತಿದೀನಿ. ನೆಲ ಎಲ್ಲಿಗೆ ಹೋಗುತ್ತೆ? ಊಟಕ್ಕಾ?’ ಎಂದಿದ್ದ. ಜಿಲ್ಲೆಯವರೂ ನಕ್ಕರು. ಅಕುಲೀನಾ ಟೋಪಿಯನ್ನು ನಿಧಾನವಾಗಿ ತಲೆಗೆ ಹಾಕಿಕೊಂಡು, ಕಿವಿಯ ಕೆಳಗೆ ದಾರ ಕಟ್ಟಿಕೊಂಡು ಕೂತಳು. ಮಾರನೆಯ ದಿನ ಹಾಲು ತರಲು ಹೋದಾಗ, ‘ಕೂತ್ಕೊಳಿ ಸ್ಪಿರಿದೋನ್ ಯೆಗೋರೊವಿಚ್, ಚಹಾ ತಗೋತೀರಾ?’ ಎಂದಳು, ಹೊರಗಿನವರನ್ನು ಕರೆಯುವಂತೆ ತಂದೆಯ ಹೆಸರನ್ನೂ ಸೇರಿಸಿ. ಅವನು ಹನ್ನೊಂದು ವರ್ಷದವನಿದ್ದಾಗ ತಾಯಿ ಸತ್ತ ಮನೆಗೆ ಸೊಸೆಯಾಗಿ ಬಂದು, ಅವನ ತಲೆಯ ಹೇನು ಹೆಕ್ಕಿ, ಕೂದಲು ಕತ್ತರಿಸಿ, ಕಿವಿ ಹಿಂಡಿ ಶಾಲೆಗೆ ಕಳಿಸಿದ ಅತ್ತಿಗೆ. ಆರು ವರ್ಷದಿಂದ ಅವನಿಗೆ ‘ನೀವು’ ಎನ್ನುತ್ತಿದ್ದಳು. ಊರಿನವರು ಇದನ್ನು ಗೌರವ ಎಂದುಕೊಂಡರು. ‘ಓದಿದವನಿಗೆ ಅಷ್ಟು ಮರ್ಯಾದೆ ಕೊಡಬೇಕಲ್ಲ’ ಎಂದು ಉಲ್ಯಾನಾ ಕೂಡ ಅಂದಳು. ಅವನೂ ಹಾಗೇ ಅಂದುಕೊಳ್ಳಲು ನೋಡಿದ. ಪ್ರತಿ ‘ನೀವು’ ಕಿವಿಯಲ್ಲಿ ಮರಳಿನ ಕಾಳಿನಂತೆ ಕೂತಿತ್ತು.

ಸ್ಪಿರಿದೋನ್ ಎದ್ದ. ಮಂಡಿ ಚಟ್ಟೆಂದಿತು. ಅದು ತನ್ನ ಮಂಡಿಯೇ ಎಂದು ಖಾತ್ರಿಯಾಗುವವರೆಗೆ ಉಸಿರು ಹಿಡಿದು ನಿಂತ. ಐದನೆಯ ಗೂಟ, ಆರನೆಯದು. ಸೂರಿನ ಹಿಮದ ಹರಳುಗಳು ಹಣೆಯ ದೀಪಕ್ಕೆ ಮಿರಮಿರ ಹೊಳೆದವು. ಉಸಿರು ತಗಲಿದ ಕಡೆ ಕಳಚಿ ಕೊರಳಪಟ್ಟಿಯೊಳಗೆ ಬಿದ್ದವು. ಹೆಜ್ಜೆ ಹಗುರವಾಗಿತ್ತು. ಮೂವತ್ತೊಂದು ವರ್ಷದ ಅಭ್ಯಾಸ ಎಂದು ಅವನು ಲೆಕ್ಕ ಹಾಕಿದ್ದ ಹಗುರ. ಆದರೆ ಇಳಿಜಾರಿನಲ್ಲಿ ಯಾರ ಹೆಜ್ಜೆ ತಾನೆ ಭಾರ? ಒಳಗಿನ ಕೋಣೆಯಲ್ಲಿ, ಬರಿದಾದ ಅಟ್ಟಣೆಗಳ ನಡುವೆ, ಏಳನೆಯ ಗೂಟಕ್ಕೆ ಕೋಲು ನಿಲ್ಲಿಸಿ, ಕೊಳವೆ ಜಾರಿಸಿ ತಿರುಪು ಬಿಗಿದ. ಅಂಕಿ ಓದಿದ. ಹೋದ ವರ್ಷಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆ. ಪ್ರತಿ ವರ್ಷದಂತೆ. ಅವನಿಗೆ ಸಮಾಧಾನವಾಯಿತು. ಎಷ್ಟು ಸಮಾಧಾನವಾಯಿತೆಂದರೆ ಸದ್ದಾಗುವ ಹಾಗೆ ಉಸಿರು ಬಿಟ್ಟ. ಬಿಟ್ಟ ಕೂಡಲೆ ನಾಚಿಕೆಯಾಯಿತು, ಯಾರೋ ನೋಡಿದ ಹಾಗೆ. ಕೋಲು ಸುಳ್ಳು ಹೇಳುತ್ತಿರಲಿಲ್ಲ. ಸೂರಿಗೂ ನೆಲಕ್ಕೂ ನಡುವೆ ಎಷ್ಟು ಅಂತರ ಎಂದು ಕೇಳಿದ್ದ, ಅದನ್ನಷ್ಟೇ ಹೇಳುತ್ತಿತ್ತು. ಎರಡೂ ಜೊತೆಗೇ ಇಳಿದರೆ? ದೋಣಿಯಲ್ಲಿ ಎದುರುಬದುರು ಕೂತ ಇಬ್ಬರು ಒಬ್ಬರ ಮೊಣಕಾಲಿನಿಂದ ಇನ್ನೊಬ್ಬರ ಮೊಣಕಾಲಿಗೆ ಗೇಣು ಹಾಕಿ ನೋಡಿಕೊಂಡು, ‘ನಾವು ಇದ್ದಲ್ಲೇ ಇದ್ದೀವಿ’ ಎನ್ನುತ್ತಿದ್ದ ಹಾಗೆ. ಸುರಂಗ ತೋಡಿದ ಗುಡ್ಡದ ಆಚೆ ಕೆರೆ ವರ್ಷ ವರ್ಷ ಅಗಲವಾಗುತ್ತ ಬಂದು ಎರಡು ಸಾಲು ಮರಗಳನ್ನು ವಾಲಿಸಿದ್ದನ್ನು ಅವನು ಕಂಡಿದ್ದ. ಮರ ವಾಲಿದರೆ ಕೆಳಗಿನ ನೆಲ ಕರಗುತ್ತಿದೆ ಎಂದರ್ಥ. ಅದು ಯಾರಿಗೆ ಗೊತ್ತಿಲ್ಲ? ಆ ಕೆರೆಗೂ ಈ ಕೋಣೆಗೂ ನಡುವೆ ಎಷ್ಟು ಮಣ್ಣಿದೆ ಎಂದು ಒಮ್ಮೆಯೂ ಹೆಜ್ಜೆ ಹಾಕಿ ನೋಡಿರಲಿಲ್ಲ. ಅಳೆಯುವುದೆಲ್ಲ ಒಳಗೇ ಇತ್ತು.

ಕೋಣೆಯೂ ದಾರಿಯೂ ಕೂಡುವ ಮೂಲೆಯಲ್ಲಿ ಅಕುಲೀನಾಳ ಅಟ್ಟಣೆ. ಅದರ ಹಿಂದಿನ ಗೋಡೆಗೆ ಒಂದು ಕುದುರೆ ಚರ್ಮ ತೂಗುತ್ತಿತ್ತು. ಸಭೆ ನಡೆದ ಆ ಶರತ್ಕಾಲದಲ್ಲೇ ಅವಳು ಅದನ್ನು ತೂಗುಹಾಕಿದ್ದು. ಪ್ರತಿ ಏಪ್ರಿಲ್‌ನಲ್ಲಿ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದ. ಎತ್ತಿ ನೋಡಿರಲಿಲ್ಲ. ಅಣ್ಣನ ಹೆಂಡತಿಯ ಪರದೆ, ತನಗೇನು ಕೆಲಸ? ಹಾಗೆ ನೋಡಿದರೆ ಅವನು ಸಭ್ಯನೇ. ಈಗ ಕೈಗವುಸು ತೆಗೆದು ಅದರ ಅಂಚು ಹಿಡಿದ. ಚರ್ಮ ಹಲಗೆಯಂತೆ ಸೆಟೆದಿತ್ತು. ಎತ್ತಿದ.

ಸೂರಿನಿಂದ ನೆಲದವರೆಗೆ ಗೋಡೆಯಲ್ಲಿ ಒಂದು ಬಿರುಕು, ದಾರದಷ್ಟು ಸಣ್ಣದು. ಅದರ ಮೇಲೆ, ಒಂದರ ಕೆಳಗೊಂದು, ಆರು ಅಂಗೈ.

ಒದ್ದೆ ಹಿಮಕ್ಕೆ ಬೂದಿ ಕಲಸಿ, ಬಿರುಕಿಗೆ ಅಡ್ಡವಾಗಿ ಬಳಿದು, ಅದು ಗಟ್ಟಿಯಾಗುವ ಮೊದಲು ಬರಿಗೈ ಒತ್ತಿದ್ದಳು. ವರ್ಷಕ್ಕೊಂದು. ಚಿಕ್ಕ ಕೈ, ಕಿರುಬೆರಳು ಹಿಂದೆಂದೋ ಮುರಿದು ಸೊಟ್ಟಗೆ ಕೂಡಿದ್ದು. ಅದೇ ಕೈ ಅವನ ಕಿವಿ ಹಿಂಡಿದ್ದು. ಎಲ್ಲಕ್ಕಿಂತ ಕೆಳಗಿನದು ಕಳೆದ ಶರತ್ಕಾಲದ್ದು. ಅಂಗೈ ಒಂದು ಕಡೆ, ಬೆರಳುಗಳು ಇನ್ನೊಂದು ಕಡೆ, ನಡುವೆ ಬಿರುಕು. ಬೆರಳುಗಳ ಭಾಗ, ಅಂದರೆ ಕೋಣೆಯ ಕಡೆಯದು, ಅಂಗೈಗಿಂತ ಒಂದು ಬೆರಳಿನಷ್ಟು ಕೆಳಗಿತ್ತು. ಅದರ ಮೇಲಿನದರಲ್ಲಿ ಇನ್ನಷ್ಟು ಕೆಳಗೆ. ಎಲ್ಲಕ್ಕಿಂತ ಮೇಲಿನ, ಮೊದಲ ವರ್ಷದ ಕೈಯಲ್ಲಿ ಬೆರಳುಗಳು ಅಂಗೈಯನ್ನು ಪೂರ್ತಿ ಬಿಟ್ಟು, ಯಾರದೋ ಬೇರೆಯವರ ಬೆರಳುಗಳ ಹಾಗೆ, ಕೆಳಗೆ ನಿಂತಿದ್ದವು. ಸ್ಪಿರಿದೋನ್ ತನ್ನ ಬೆರಳುಗಳನ್ನು ಅಡ್ಡಲಾಗಿ ಇಟ್ಟು ಒಂದೊಂದು ವರ್ಷದ ಜಾರನ್ನು ಅಳೆದ. ಮೊದಲ ವರ್ಷ ಕಾಲು ಬೆರಳೂ ಇಲ್ಲ. ಆಮೇಲೆ ಅದಕ್ಕಿಂತ ಕೊಂಚ ಹೆಚ್ಚು. ಆಮೇಲೆ ಅರ್ಧ. ಕಳೆದ ಆರು ತಿಂಗಳಲ್ಲೇ ಒಂದು. ಆತುರ. ಕಾಲೇಜಿನಲ್ಲಿ ಕಲಿತ ಆತುರ ಅದೇ, ಪುಸ್ತಕದಲ್ಲಿದ್ದ ಹಾಗೇ, ಅಣ್ಣನ ಹೆಂಡತಿಯ ಕೈಬರಹದಲ್ಲಿ. ಊರಿನವರು ಪ್ರತಿ ಶರತ್ಕಾಲ ನೆಲಕ್ಕೆ ನೀರು ಚೆಲ್ಲಿ ನುಣುಪು ಮಾಡುವುದರಿಂದ, ಬಿರುಕಿನ ಬುಡದಲ್ಲಿ ನೆಲ ಇಳಿದು ಆದ ಮೆಟ್ಟಿಲು ಯಾರ ಕಾಲಿಗೂ ಸಿಕ್ಕಿರಲಿಲ್ಲ. ಆ ನೀರು ಚೆಲ್ಲುವ ಕೆಲಸವನ್ನು ಮೇಲೆ ನಿಂತು ಮಾಡಿಸುತ್ತಿದ್ದವನು ಅವನೇ.

ಯಾಕೆ ಮತ್ತೆ ಹೇಳಲಿಲ್ಲ? ಕೇಳಿಕೊಳ್ಳುವಾಗಲೇ ಉತ್ತರ ಗೊತ್ತಿತ್ತು. ಈ ಊರಿನ ಹಳೆಯ ಹೆಂಗಸರು ಕೆಟ್ಟದ್ದನ್ನು ಒಂದು ಸಲ ಹೇಳುತ್ತಾರೆ. ಹೇಳುವುದು ಅವರ ಕರ್ತವ್ಯ. ಎರಡನೆಯ ಸಲ ಹೇಳಿದರೆ ಅದನ್ನು ಹೆಸರು ಹಿಡಿದು ಕರೆದ ಹಾಗೆ. ಅವಳು ಹೇಳಿ ಆಗಿತ್ತು. ಕೇಳಿದವನು ನಗಿಸಿ ಆಗಿತ್ತು. ಆಮೇಲೆ ಅವಳ ಪಾಲಿಗೆ ಉಳಿದದ್ದು ಏನು? ಉಳಿದದ್ದು ಏನೆಂದು ಈಗ ಹೊಳೆದು ಅವನು ಅಟ್ಟಣೆಯ ಕಂಬ ಹಿಡಿದುಕೊಂಡ. ಆರು ವರ್ಷದಿಂದ ಒಳಗಿನ ಕೋಣೆಯಲ್ಲಿ ಗಡ್ಡೆ ಜೋಡಿಸಲು ಅಕುಲೀನಾ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ‘ನಿಮಗೆ ಜೋಡಿಸೋಕೆ ಬರಲ್ಲ, ಹೊರಗೆ ಹೋಗ್ರೇ, ಬಂಡಿ ಇಲ್ಲಿ ತಂದುಬಿಟ್ಟು ಹೊರಡಿ’ ಎಂದು ಸೊಸೆಯಂದಿರನ್ನು, ನೆರೆಮನೆಯವರನ್ನು ಬೈದು ಅಟ್ಟಿ, ಎಪ್ಪತ್ತು ವರ್ಷದ ಹೆಂಗಸು ಅರವತ್ತು ಮನೆಗಳ ಗಡ್ಡೆಯನ್ನು ಒಬ್ಬಳೇ ಜೋಡಿಸುತ್ತಿದ್ದಳು, ಆಗುವುದಾದರೆ ತನ್ನೊಬ್ಬಳಿಗೇ ಆಗಲಿ ಎಂದು. ಮುದುಕಿಯ ಹಟ ಎಂದು ಊರು ನಗುತ್ತಿತ್ತು. ‘ಒಳಗೆ ಅಣ್ಣನ ಜೊತೆ ಮಾತಾಡ್ತಿರ್ತಾಳೆ’ ಎಂದು ಅವನೇ ಒಮ್ಮೆ ತಮಾಷೆ ಮಾಡಿದ್ದ. ಅದಕ್ಕೂ ಜನ ನಕ್ಕಿದ್ದರು. ಅವನ ತಮಾಷೆಗೆ ಜನ ಯಾವತ್ತೂ ನಗುತ್ತಾರೆ.

ಎಲ್ಲೋ ಹಿಂದೆ, ಮಣ್ಣಿನೊಳಗೆ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಸಣ್ಣ ಸದ್ದಾಯಿತು. ಅವನು ಚರ್ಮವನ್ನು ಮೊದಲಿದ್ದ ಹಾಗೆಯೇ ಇಳಿಬಿಟ್ಟ. ಯಾಕೆ ಹಾಗೆ ಮಾಡಿದನೋ ತಿಳಿಯದು. ಕೋಲನ್ನು ಅಲ್ಲೇ ಬಿಟ್ಟು ಹೊರಟ. ಬಾಯಿಯ ಕಡೆಗೆ ನಡೆಯುವಾಗ ತೊಡೆ ಉರಿಯಿತು. ಏರು. ಇಷ್ಟು ವರ್ಷ ಇದನ್ನು ಅರವತ್ತು ದಾಟಿದ ಉಬ್ಬಸ ಎಂದುಕೊಂಡಿದ್ದ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಎಪ್ಪತ್ತು ಎಂಬತ್ತು ಜನ, ಸಾಲಾಗಿ ಎಳೆಬಂಡಿಗಳು, ಮೇಲೆ ನೀಲಿ ಗಡ್ಡೆಗಳು. ಗಡ್ಡೆಗಳ ಅಂಚು ಆಗಲೇ ಒದ್ದೆಯಾಗಿ ಹೊಳೆಯುತ್ತಿತ್ತು. ಎಲ್ಲರಿಗಿಂತ ಮುಂದಿನ ಬಂಡಿಯ ಹಗ್ಗ ಹೆಗಲಿಗೆ ಹಾಕಿಕೊಂಡು ಅಕುಲೀನಾ ನಿಂತಿದ್ದಳು, ಟೋಪಿಯ ದಾರ ಕಿವಿಯ ಕೆಳಗೆ ಬಿಗಿದು. ಊರಿನ ಮುಖ್ಯಸ್ಥ ಗೆರಾಸಿಮ್, ನಲವತ್ತರ ಆಳು, ಒಂದು ಕಾಲದಲ್ಲಿ ಸ್ಪಿರಿದೋನನ ಕೈಕೆಳಗೆ ಕೋಲು ಹಿಡಿದು ಕಲಿತವನು, ಫೋನನ್ನು ಜೇಬಿಗೆ ಹಾಕಿ ಮುಂದೆ ಬಂದ.

‘ಎಷ್ಟು ಹೊತ್ತು ಸ್ವಾಮಿ! ಒಳಗೇ ಮನೆ ಮಾಡ್ಕೊಂಡ್ರೇನೋ ಅಂದ್ಕೊಂಡ್ವಿ. ಹೇಳಿಬಿಡಿ, ಗಡ್ಡೆ ಬೆವರ್ತಿದೆ.’

‘ಹೆಂಡತಿ ಕಾಟ ತಪ್ಪುತ್ತೆ ಅಂತ ಅಲ್ಲೇ ಕೂತಿದ್ರು’ ಎಂದಳು ಹಿಂದಿನಿಂದ ಉಲ್ಯಾನಾ. ಜನ ನಕ್ಕರು.

ಸ್ಪಿರಿದೋನ್ ಟೋಪಿ ತೆಗೆದ. ನಗು ನಿಂತಿತು. ಪ್ರತಿ ವರ್ಷ ಹೇಳಿದ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು, ಬಾಗಿಲು ಎಲ್ಲಿದೆ ಎಂದು ಅದಕ್ಕೂ ಗೊತ್ತಿತ್ತು. ಹೇಳಿದರೆ ಮುಗಿಯಿತು. ಇವತ್ತು ಏನೂ ಆಗದೆಯೂ ಇರಬಹುದು. ಸಂಜೆ ಗೆರಾಸಿಮನನ್ನು ಪಕ್ಕಕ್ಕೆ ಕರೆದು, ಗೂಟ ಹಳೆಯವಾಗಿವೆ, ಮುಂದಿನ ವರ್ಷ ನಗರದವರನ್ನು ಕರೆಸೋಣ, ಎಂದು ಮೆಲ್ಲಗೆ ಹೇಳಬಹುದು. ಇಲ್ಲವಾದರೆ ಬೇಸಿಗೆಗೆ ಅರವತ್ತು ಮನೆಗೆ ಮಾಂಸ ಎಲ್ಲಿ, ನೀರು ಎಲ್ಲಿ? ಇಲ್ಲವಾದರೆ ಮೂವತ್ತೊಂದು ವರ್ಷ? ಅವನು ಅಕುಲೀನಾಳ ಕೈ ನೋಡಿದ. ಗವುಸು ಹಾಕಿರಲಿಲ್ಲ. ಹಗ್ಗ ಹಿಡಿದ ಸೊಟ್ಟ ಕಿರುಬೆರಳು. ಅವಳು ಅವನ ಮುಖ ನೋಡುತ್ತಿರಲಿಲ್ಲ. ಅವನ ಕೈ ನೋಡುತ್ತಿದ್ದಳು, ಕೋಲಿಲ್ಲದ ಕೈ.

‘ಏನ್ರೀ?’ ಎಂದ ಗೆರಾಸಿಮ್, ದನಿ ತಗ್ಗಿಸಿ. ‘ತಣ್ಣಗಿದೆ ತಾನೆ?’

ಹೇಳಬೇಕಾದ ಶಬ್ದಗಳನ್ನೆಲ್ಲ ಇಲ್ಲಿ ನಿಂತು ಆಡಬಾರದು. ಆಡಬಹುದಾದ ಶಬ್ದ ಒಂದೇ ಒಂದು, ಅದು ಸುಳ್ಳು. ಅವನು ಅತ್ತಿಗೆಯ ಹತ್ತಿರ ಹೋದ. ‘ಕೊಡಿ ಅತ್ತಿಗೆ’ ಎಂದ. ಅವಳ ಹೆಗಲಿಂದ ಹಗ್ಗ ತೆಗೆದ. ಅವಳು ಕೊಟ್ಟಳು. ಆರು ಗಡ್ಡೆ ಹೇರಿದ ಬಂಡಿಯನ್ನು ಬಾಗಿಲಿನ ಹೊಸ್ತಿಲು ದಾಟಿಸಿ, ಅದರ ಮೂತಿಯನ್ನು ಒಳಕ್ಕೆ ತಿರುಗಿಸಿ ನಿಲ್ಲಿಸಿದ. ಹಿಂದೆ ಜನ ಗುಸುಗುಸು ಎಂದರು. ‘ಇವರೇ ಯಾಕೆ ಎಳೀತಾರೆ? ಮಾತು ಹೇಳಲಿಲ್ಲವಲ್ಲ.’ ಅವನು ಹಗ್ಗವನ್ನು ಬಂಡಿಯ ಮೇಲೆ ಎಸೆದ. ಎಲ್ಲರಿಗೂ ಕಾಣುವ ಹಾಗೆ ಪಕ್ಕಕ್ಕೆ ಸರಿದು ನಿಂತು, ಎರಡು ಬೆರಳಿನಿಂದ, ಮಲಗಿದ ಮಗುವನ್ನು ಮುಟ್ಟುವ ಹಾಗೆ, ಬಂಡಿಯನ್ನು ಮುಟ್ಟಿದ.

ಬಂಡಿ ಒಂದು ಗಳಿಗೆ ಯೋಚಿಸಿತು. ಆಮೇಲೆ ಹೊರಟಿತು. ಮೊದಲು ನಡಿಗೆ, ಮೊದಲ ಗೂಟ ದಾಟುವಾಗ ಓಟ. ಅದರ ಮರದ ಪಟ್ಟಿಗಳು ನೆಲದ ಮಂಜುಗಡ್ಡೆಯ ಮೇಲೆ ಹಾಡತೊಡಗಿದವು. ಸದ್ದು ಸಣ್ಣಗಾಗುತ್ತ, ಸ್ವರ ಏರುತ್ತ ಹೋಯಿತು. ಕತ್ತಲಲ್ಲಿ ಗಡ್ಡೆಗಳ ನೀಲಿ ಒಮ್ಮೆ ಮಿನುಗಿ ಮರೆಯಾಯಿತು. ಅಣ್ಣ ತೋಡಿದ ಏರಿನಲ್ಲಿ ಬಂಡಿ ಇಳಿಯುತ್ತಿರುವುದನ್ನು ಊರೆಲ್ಲ ಕಿವಿಯಿಂದ ನೋಡಿತು. ತುಂಬ ಹೊತ್ತಿನ ಮೇಲೆ, ಒಳಗೆ, ಗೋಡೆಗೆ ಹೊಡೆದ ಸದ್ದು. ಅದರ ಹಿಂದೆಯೇ ಇನ್ನೊಂದು ಸದ್ದು, ಬಂಡಿಯದಲ್ಲದ್ದು, ಉದ್ದನೆಯದು. ಬಾಯಿಯಿಂದ ತಣ್ಣನೆಯ ಗಾಳಿ ಒಂದು ಉಸಿರಿನಷ್ಟು ಬಂದು ಎಲ್ಲರ ಮುಖಕ್ಕೆ ಹಿಮದ ಪುಡಿ ಎರಚಿತು.

ಗೆರಾಸಿಮ್ ಟೋಪಿ ತೆಗೆದ. ಅವನಿಗೆ ಅರ್ಥವಾಗಿತ್ತು. ಕಲಿತವನಲ್ಲವೆ. ‘ನೆಲ...’ ಎಂದು ಶುರುಮಾಡಿ, ಎಲ್ಲಿ ನಿಂತಿದ್ದೇನೆ ಎಂದು ನೆನಪಾಗಿ ನಿಲ್ಲಿಸಿದ.

‘ನಾನು ಅಳೆದದ್ದು ತಪ್ಪು’ ಎಂದ ಸ್ಪಿರಿದೋನ್. ದನಿ ಏರಿಸಲು ನೋಡಿದ, ಏರಲಿಲ್ಲ. ‘ಆರು ವರ್ಷದಿಂದ. ಅತ್ತಿಗೆ ಅಳೆದದ್ದು ಸರಿ. ಒಳಗೆ ಗೋಡೆ ಮೇಲಿದೆ. ಯಾರೂ ನೋಡೋಕೆ ಹೋಗಬೇಡಿ.’

ಹಿಂದಿನವರಿಗೆ ಕೇಳಿಸಲಿಲ್ಲ. ‘ಏನಂದ್ರು, ಏನಂದ್ರು’ ಎಂದು ಮುಂದಿನವರನ್ನು ಕೇಳಿದರು. ಮುಂದಿನವರು ಹೇಳಿದರು, ಕೇಳಿದವರು ತಮ್ಮ ಹಿಂದಿನವರಿಗೆ ಹೇಳಿದರು. ಹೀಗೆ ಅವನ ಮಾತು ಅವನೇ ನೋಡುತ್ತಿದ್ದ ಹಾಗೆ, ಒಬ್ಬರ ಬಾಯಿಂದ ಒಬ್ಬರ ಬಾಯಿಗೆ, ಸಾಲಿನ ಕೊನೆಯವರೆಗೆ ನಡೆದುಹೋಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಉಲ್ಯಾನಾ ತಮ್ಮ ಬಂಡಿಯ ಗಡ್ಡೆಗಳ ಮೇಲೆ ತನ್ನ ಶಾಲು ಹೊದಿಸುತ್ತಿದ್ದಳು, ಬಿಸಿಲಿಗೆ ಮರೆಯಾಗಿ, ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ. ‘ಈಗ ಇದನ್ನೆಲ್ಲ ಎಲ್ಲಿಡೋದು?’ ಎಂದು ಯಾರೋ ಕೇಳಿದರು. ಒಂದು ದಪ್ಪ ಹನಿ ಗಡ್ಡೆಯಿಂದ ಹಿಮಕ್ಕೆ ಬಿದ್ದು ತೂತು ಮಾಡಿತು.

ಅಕುಲೀನಾ ಬಾಗಿಲ ಹತ್ತಿರ ಬಂದು, ಕತ್ತಲೊಳಕ್ಕೆ ಇಣುಕಿ, ಸ್ವಲ್ಪ ಹೊತ್ತು ಕಿವಿಗೊಟ್ಟಳು. ಕೋಟಿನ ಒಳಜೇಬಿನಿಂದ ಒಂದು ತುಂಡು ದೋಸೆ ತೆಗೆದು ಹೊಸ್ತಿಲ ಒಳಗೆ ಇಟ್ಟಳು, ನೆಲಕ್ಕೆ, ಅದರ ಪಾಲು ಅದಕ್ಕೆ. ಎದ್ದು ಮಂಡಿ ಒರೆಸಿಕೊಂಡಳು.

‘ಹಗ್ಗನಾದ್ರೂ ಬಿಚ್ಕೋಬಾರದಿತ್ತೇನೋ ಸ್ಪಿರಾ’ ಎಂದಳು. ‘ಹೊಸ ಹಗ್ಗ ಅದು.’

ಅವನು ತಟಕ್ಕನೆ ಒಳಕ್ಕೆ ಒಂದು ಹೆಜ್ಜೆ ಇಟ್ಟ, ಹನ್ನೊಂದು ವರ್ಷದವನ ಹಾಗೆ, ತಂದುಕೊಡುತ್ತೇನೆ ಎಂಬ ಹಾಗೆ. ಅವಳು ಅವನ ಕಿವಿ ಹಿಡಿದಳು. ಎಲ್ಲರ ಎದುರಿಗೆ, ಗಟ್ಟಿಯಾಗಿ, ಸೊಟ್ಟ ಕಿರುಬೆರಳು ಕೆನ್ನೆಗೆ ಒತ್ತುವ ಹಾಗೆ.

‘ಇರ್ಲಿ ಬಿಡೋ. ಹೋಗ್ಬೇಡ.’